ಎಳ್ಳು ಹೊಲದ ಬುರುಡೆ ಪತಂಗ

ಸೇಡಂ ಕಡೆಯ ಊಟದ ತಟ್ಟೆಯಲ್ಲಿ ಅರ್ಧ ಆಫ್ರಿಕ ಇದೆ. ಜೋಳ ಮೊದಲು ಬೆಳೆಯಾಗಿ ಪಳಗಿದ್ದು ಇಂದಿನ ಸೂಡಾನ್ ಸೀಮೆಯಲ್ಲಿ, ಸಜ್ಜೆ ಪಳಗಿದ್ದು ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಲ್ಲಿ. ಎರಡೂ ಸುಮಾರು 4000 ವರ್ಷಗಳ ಹಿಂದೆಯೇ ಭಾರತಕ್ಕೆ ಬಂದವು. ಇಲ್ಲಿನ ಎರೆಭೂಮಿಗೆ ಅವು ಎಷ್ಟು ಒಗ್ಗಿವೆಯೆಂದರೆ, ಹೊರಗಿನವು ಎಂದು ಹೇಳಿದರೆ ಕಲಬುರಗಿಯವರು ಜಗಳಕ್ಕೇ ಬಂದಾರು. ತೊಗರಿಯದು ಇದಕ್ಕೆ ತಿರುವುಮುರುವು. ಅದು ಭಾರತದಲ್ಲಿ ಹುಟ್ಟಿ, ಕಡಲು ದಾಟಿ ಪೂರ್ವ ಆಫ್ರಿಕಕ್ಕೆ ಹೋಯಿತು. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿಯ ಮೇಲೆ ಹಚ್ಚುವ ಎಳ್ಳಿನ ಕಥೆ ಎರಡೂ ದಡಕ್ಕೆ ಸೇರಿದ್ದು. ಎಳ್ಳಿನ ಕುಲದ ಕಾಡು ಜಾತಿಗಳಲ್ಲಿ ಬಹುಪಾಲು ಇರುವುದು ಆಫ್ರಿಕದಲ್ಲಿ. ಆದರೆ ನಾವು ಎಣ್ಣೆ ತೆಗೆಯುವ ಎಳ್ಳು ಪಳಗಿದ್ದು ನಮ್ಮ ನೆಲದಲ್ಲೇ. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಿಕಾದ ಎಳ್ಳಿನ ಕಾಳುಗಳು ಸಿಕ್ಕಿವೆ.

ಆ ಎಳ್ಳಿನ ಗಿಡವನ್ನು ನೆಚ್ಚಿಕೊಂಡ ಒಂದು ಪತಂಗದ ಕಥೆಯೂ ಹೀಗೆಯೇ ಎರಡು ಖಂಡಗಳಲ್ಲಿ ಹಂಚಿಹೋಗಿದೆ.

ಶ್ರಾವಣ ಮುಗಿಯುವ ಹೊತ್ತಿಗೆ ಚಿತ್ತಾಪುರ, ಸೇಡಂ ಕಡೆಯ ಹೊಲಗಳಲ್ಲಿ ತೊಗರಿಯ ನಡುವೆ ಅಲ್ಲಲ್ಲಿ ಹಾಕಿದ ಎಳ್ಳು ಮೊಳಕಾಲುದ್ದ ದಾಟಿ ಹೂ ಬಿಡುತ್ತಿರುತ್ತದೆ. ಸಾಲಿನಲ್ಲಿ ಒಂದೇ ಗಿಡದ ಎಲೆಗಳು ಮೇಲಿನಿಂದ ಬೋಳಾಗಿದ್ದರೆ ಅಲ್ಲಿ ಬಗ್ಗಿ ನೋಡಬೇಕು. ಕೆಳಗೆ ಮೆಣಸಿನಕಾಳಿಗಿಂತ ದೊಡ್ಡದಾದ, ಒತ್ತಿ ಮಾಡಿದಂಥ ಗೀರುಗಳಿರುವ ಕಪ್ಪು ಹಿಕ್ಕೆಗಳು ಬಿದ್ದಿರುತ್ತವೆ. ಹುಳ ಮಾತ್ರ ತಕ್ಷಣ ಕಾಣುವುದಿಲ್ಲ. ಹೆಬ್ಬೆರಳಿನಷ್ಟು ದಪ್ಪ, ಬೆಳೆದಾಗ ಹನ್ನೆರಡು ಸೆಂಟಿಮೀಟರಿನವರೆಗೂ ಉದ್ದ ಇರುವ ಪ್ರಾಣಿ ಕಣ್ಣೆದುರೇ ಇದ್ದೂ ಕಾಣದಿರುವುದು ಅದರ ಬಣ್ಣದ ಕೆಲಸ. ಮೈ ಎಲೆ ಹಸಿರು, ಕೆಲವೊಮ್ಮೆ ಹಳದಿ, ಅಪರೂಪಕ್ಕೆ ಕಂದು. ಎರಡೂ ಪಕ್ಕದಲ್ಲಿ ಓರೆಯಾಗಿ ಎಳೆದ ಹಳದಿ ಗೆರೆಗಳು, ಅವುಗಳ ಅಂಚಿಗೆ ನೇರಳೆ ಛಾಯೆ. ಎಲೆಯ ನರಗಳೂ ಅದೇ ಓರೆಯಲ್ಲಿ ಹೋಗುತ್ತವೆ, ಹಾಗಾಗಿ ಕಣ್ಣು ಮೋಸಹೋಗುತ್ತದೆ. ಹಿಂಬದಿಯಲ್ಲಿ ಬಾಗಿದ, ತರಿತರಿಯಾದ ಒಂದು ಕೊಂಬು. ಅದನ್ನು ಕಂಡೇ ರೈತರು ಕೊಂಬಿನ ಹುಳ ಎನ್ನುತ್ತಾರೆ. ಆ ಕೊಂಬು ಚುಚ್ಚುವುದಿಲ್ಲ, ವಿಷವೂ ಇಲ್ಲ. ಹುಳವನ್ನು ಮುಟ್ಟಿ ರೇಗಿಸಿದರೆ ತಲೆಯನ್ನು ಒಳಗೆಳೆದುಕೊಂಡು ದವಡೆಗಳನ್ನು ಕಟಕಟ ಎಂದು ತಿಕ್ಕುತ್ತದೆ. ಇಷ್ಟಕ್ಕೇ ಬಹಳ ಜನ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಹುಳಕ್ಕೆ ಬೇಕಾದ್ದೂ ಅಷ್ಟೇ.

ತಿಂದು ತುಂಬಿದ ಮೇಲೆ ಅದು ಗಿಡದಿಂದ ಇಳಿದು ಎರೆಮಣ್ಣನ್ನು ಕೊರೆದುಕೊಂಡು ಒಳಗೆ ಹೋಗುತ್ತದೆ. ಕೆಲವು ಅಂಗುಲ ಆಳದಲ್ಲಿ ಮಣ್ಣನ್ನು ಒತ್ತಿ ನುಣುಪು ಗೋಡೆಯ ಒಂದು ಕೋಣೆ ಮಾಡಿಕೊಂಡು ಅಲ್ಲಿ ಕೋಶವಾಗುತ್ತದೆ. ಆಳ ನೇಗಿಲು ಹೊಡೆದಾಗ ಮಿರುಗುವ ಕಂದು ಬಣ್ಣದ, ಬೆರಳುದ್ದದ ಕೋಶಗಳು ಮೇಲೆ ಬರುತ್ತವೆ. ನೇಗಿಲ ಹಿಂದೆಯೇ ನಡೆಯುವ ಬೆಳ್ಳಕ್ಕಿ, ಕಾಗೆಗಳಿಗೆ ಅಂದು ಹಬ್ಬ.

ತಪ್ಪಿಸಿಕೊಂಡ ಕೋಶದಿಂದ ಹೊರಬರುವುದೇ ಅಕೆರಾಂಟಿಯ ಸ್ಟಿಕ್ಸ್. ಹಾಕ್ ಮಾತ್ ಅಥವಾ ಗಿಡುಗ ಪತಂಗಗಳ ಕುಟುಂಬದ ಸದಸ್ಯ. ಜಗತ್ತಿನಲ್ಲಿ ಈ ಕುಟುಂಬದ 1400ಕ್ಕೂ ಹೆಚ್ಚು ಪ್ರಭೇದಗಳಿವೆ. ಕಿರಿದಾದ, ಚೂಪು ತುದಿಯ ಮುಂದಿನ ರೆಕ್ಕೆಗಳು, ಗುಂಡು ಹೊಡೆದಂತೆ ನೇರ ಹೋಗುವ ಹಾರಾಟ, ಹಾರುವ ಮುನ್ನ ರೆಕ್ಕೆ ನಡುಗಿಸಿ ಎದೆಯ ಸ್ನಾಯುಗಳನ್ನು ಕಾಯಿಸಿಕೊಳ್ಳುವ ಚಾಳಿ ಇವೆಲ್ಲ ಕುಟುಂಬದ ಲಕ್ಷಣ. ಸ್ಟಿಕ್ಸ್‌ಗೆ ಮಾತ್ರ ಇನ್ನೊಂದು ಗುರುತಿದೆ. ಅದರ ಬೆನ್ನ ಮೇಲೆ, ಎದೆಯ ಭಾಗದಲ್ಲಿ, ಹಳದಿ ಮಿಶ್ರಿತ ಕಂದು ರೋಮಗಳು ಮನುಷ್ಯರ ತಲೆಬುರುಡೆಯ ಆಕಾರ ಮೂಡಿಸಿವೆ. ಎರಡು ಕಪ್ಪು ಚುಕ್ಕೆಗಳೇ ಕಣ್ಣಿನ ಗುಳಿಗಳು.

ಇದರ ಆಫ್ರಿಕದ ಅಣ್ಣನ ಹೆಸರು ಅಕೆರಾಂಟಿಯ ಆಟ್ರೋಪಾಸ್. ಕಾರ್ಲ್ ಲಿನೇಯಸ್ 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಅದಕ್ಕೆ ಹೆಸರಿಟ್ಟ. ನಮ್ಮ ಸ್ಟಿಕ್ಸ್‌ಗೆ ಹೆಸರು ಬಂದದ್ದು ಸುಮಾರು ತೊಂಬತ್ತು ವರ್ಷ ಕಳೆದ ಮೇಲೆ, 1847ರಲ್ಲಿ, ವೆಸ್ಟ್‌ವುಡ್‌ನಿಂದ. ಮೂರನೆಯದು ಲ್ಯಾಕೆಸಿಸ್, 1798ರಲ್ಲಿ ಫ್ಯಾಬ್ರೀಷಿಯಸ್ ಹೆಸರಿಸಿದ್ದು. ಅಕೆರಾಂಟಿಯ ಕುಲದಲ್ಲಿ ಇರುವುದು ಇಷ್ಟೇ, ಮೂರು. ಮೂವರ ಹೆಸರೂ ಗ್ರೀಕರ ಸಾವಿನ ಕಥೆಗಳಿಂದ ಎತ್ತಿದ್ದು. ಬುರುಡೆ ಕಂಡು ಬೆದರಿದವರಲ್ಲಿ ವಿದ್ವಾಂಸರೂ ಇದ್ದರು.

ಆಟ್ರೋಪಾಸನ್ನೂ ಸ್ಟಿಕ್ಸನ್ನೂ ಬೆನ್ನ ಕಡೆಯಿಂದ ಅಕ್ಕಪಕ್ಕ ಇಟ್ಟರೆ ಹೊಸಬರು ತಬ್ಬಿಬ್ಬಾಗುವುದು ಖಂಡಿತ. ಎರಡರ ರೆಕ್ಕೆಯ ಹರವೂ ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಆಸುಪಾಸು. ಎರಡಕ್ಕೂ ಮುಂದಿನ ರೆಕ್ಕೆ ಮರದ ತೊಗಟೆಯ ಬಣ್ಣ, ಹಿಂದಿನ ರೆಕ್ಕೆ ಹಳದಿ, ಅದರ ಮೇಲೆ ಕಪ್ಪು ಪಟ್ಟಿಗಳು. ಸ್ಟಿಕ್ಸ್‌ನ ಬುರುಡೆ ಸ್ವಲ್ಪ ಹೆಚ್ಚು ಕಪ್ಪು. ಅದರ ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ, ಕಪ್ಪು ಪಟ್ಟಿಯ ನಡುವೆ, ಒಂದು ಮಸುಕು ನೀಲಿ ಚುಕ್ಕೆ ಇರುತ್ತದೆ. ಖಚಿತವಾಗಬೇಕಾದರೆ ಪತಂಗವನ್ನು ಮಗುಚಿ ನೋಡಬೇಕು. ಆಫ್ರಿಕದ ಆಟ್ರೋಪಾಸ್‌ನ ಹೊಟ್ಟೆಯ ಅಡಿಭಾಗದಲ್ಲಿ ಕಪ್ಪು ಅಡ್ಡಪಟ್ಟಿಗಳಿರುತ್ತವೆ. ಸ್ಟಿಕ್ಸ್‌ನ ಹೊಟ್ಟೆ ಸಾಮಾನ್ಯವಾಗಿ ಪಟ್ಟಿಯಿಲ್ಲದ ಹಳದಿ. ಆಟ್ರೋಪಾಸ್‌ನ ಮುಂದಿನ ರೆಕ್ಕೆಯ ಅಡಿಯಲ್ಲಿ ನಡುಪಟ್ಟಿ ಒಂದೇ, ಸ್ಟಿಕ್ಸ್‌ಗೆ ಎರಡು. ಜನ ನೂರಾರು ವರ್ಷ ಬೆದರಿದ್ದು ಬೆನ್ನನ್ನು ನೋಡಿ. ಯಾವ ಜಾತಿ, ಯಾವ ಸೀಮೆಯದು ಎಂದು ಹೇಳುವ ಗುರುತುಗಳಲ್ಲಿ ಹೆಚ್ಚಿನವು ಅಡಿಯಲ್ಲಿವೆ.

ಇಂಥ ಸೂಕ್ಷ್ಮಗಳನ್ನು ನಮ್ಮ ಸೀಮೆಯ ಪತಂಗಗಳಿಗಾಗಿ ಕೂತು ಬರೆದವರಲ್ಲಿ ಒಬ್ಬರು ಕರ್ನಾಟಕದಲ್ಲೇ ಬಾಳಿ ಸತ್ತವರು. ಐರ್ಲೆಂಡಿನಲ್ಲಿ ಹುಟ್ಟಿದ ಟಿ.ಆರ್. ಬೆಲ್ ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದರು. ನಿವೃತ್ತಿಯ ನಂತರ ಕಾರವಾರದಲ್ಲೇ ನೆಲೆಸಿ 1948ರಲ್ಲಿ ಅಲ್ಲೇ ತೀರಿಕೊಂಡರು. ಪತಂಗವನ್ನು ಹಿಡಿದು ಗುಂಡುಸೂಜಿ ಚುಚ್ಚುವುದಕ್ಕಿಂತ ಹುಳವನ್ನು ಸಾಕಿ, ಅದು ಏನು ತಿನ್ನುತ್ತದೆ, ಹೇಗೆ ಕೋಶವಾಗುತ್ತದೆ ಎಂದು ನೋಡುವುದು ಅವರ ಪದ್ಧತಿ. ಅಸ್ಸಾಮಿನಲ್ಲಿದ್ದ ಎಫ್.ಬಿ. ಸ್ಕಾಟ್ ಜೊತೆ ಸೇರಿ ಅವರು ಬರೆದ ಗಿಡುಗ ಪತಂಗಗಳ ಸಂಪುಟ 1937ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಬಂತು. ಸುಮಾರು ಒಂಬತ್ತು ದಶಕ ಕಳೆದರೂ ಭಾರತದ ಗಿಡುಗ ಪತಂಗಗಳ ಹುಳುಗಳ ಬಗ್ಗೆ ತಿಳಿಯಬೇಕಾದವರು ಮೊದಲು ತೆರೆಯುವುದು ಆ ಪುಸ್ತಕವನ್ನೇ. ಕಾರವಾರದ ಮಳೆಕಾಡಿಗೂ ಸೇಡಮಿನ ಬಿಸಿಲಿಗೂ ಅಜಗಜಾಂತರ. ಆದರೆ ಹುಳ ತಿನ್ನುವ ಗಿಡದ ಪಟ್ಟಿ ಎರಡೂ ಕಡೆ ಕೆಲಸಕ್ಕೆ ಬರುತ್ತದೆ.

ಇನ್ನು ಇವುಗಳ ಸೀಮೆ. ಆಟ್ರೋಪಾಸ್ ಆಫ್ರಿಕದ ಉದ್ದಗಲಕ್ಕೂ ಇದೆ. ಅಲ್ಲಿಂದ ಬೇಸಿಗೆಯಲ್ಲಿ ಯೂರೋಪಿಗೆ ವಲಸೆ ಹೋಗುತ್ತದೆ. ಪೂರ್ವಕ್ಕೆ ಇರಾನ್, ತುರ್ಕಮೆನಿಸ್ತಾನದ ಹತ್ತಿರ ಅದರ ಸೀಮೆ ಮುಗಿಯುತ್ತದೆ. ಸ್ಟಿಕ್ಸ್‌ನದು ಹೆಚ್ಚುಕಡಿಮೆ ಅಲ್ಲೇ ಶುರು: ಸೌದಿ ಅರೇಬಿಯ, ಇರಾನಿನಿಂದ ಹಿಡಿದು ಇಡೀ ಭಾರತ, ಮುಂದೆ ಚೀನಾ, ಜಪಾನ್. ನಡುವೆ ಪಶ್ಚಿಮ ಏಷ್ಯದಲ್ಲಿ ಇಬ್ಬರೂ ಸಿಗುವ ಒಂದಿಷ್ಟು ಜಾಗವಿದೆ. ಲ್ಯಾಕೆಸಿಸ್ ಭಾರತದಿಂದ ಆಗ್ನೇಯ ಏಷ್ಯದ ಕಡೆಗೆ, ಹೆಚ್ಚು ಮಳೆಯ ಹಸಿರು ಸೀಮೆಗಳಲ್ಲಿ. ಹಿಂದಿನ ರೆಕ್ಕೆಯ ಬುಡವೆಲ್ಲ ಕಪ್ಪಾಗಿದ್ದರೆ ಅದು ಲ್ಯಾಕೆಸಿಸ್.

ಅಂದರೆ ಆಫ್ರಿಕದ ಬುರುಡೆ ಪತಂಗ ವಾಡಿ ಜಂಕ್ಷನ್ನಿಗೆ ಬರುವುದಿಲ್ಲ. ಆದರೆ ಅದರ ಕುಟುಂಬದ ಬೇರೆ ಮೂವರು ಆಫ್ರಿಕದಲ್ಲೂ ಇದ್ದಾರೆ, ಭಾರತದಲ್ಲೂ ಇದ್ದಾರೆ. ಜಾತಿಯೂ ಒಂದೇ, ಹೆಸರೂ ಒಂದೇ. ಒಂದು ಆಗ್ರಿಯಸ್ ಕನ್ವಾಲ್ವುಲಿ. ಇದರ ಹುಳ ಗೆಣಸಿನ ಬಳ್ಳಿ ತಿನ್ನುತ್ತದೆ, ಮುಂಗಾರಿನ ಹೆಸರು, ಉದ್ದಿನ ಹೊಲಕ್ಕೂ ಬರುತ್ತದೆ. ಇನ್ನೊಂದು ಹಿಪ್ಪೋಟಿಯನ್ ಸೆಲೆರಿಯೊ, ದ್ರಾಕ್ಷಿ ಬಳ್ಳಿಯದು. ಮೂರನೆಯದು ಕಣಗಿಲೆ ಗಿಡದ ಡಾಫ್ನಿಸ್ ನೇರಿಯೈ. ಮೂರನ್ನೂ ಲಿನೇಯಸ್ ಅದೇ 1758ರಲ್ಲಿ ಹೆಸರಿಸಿದ್ದ. ಯೂರೋಪಿನವನಿಗೆ ಇವು ಸಿಕ್ಕಿದ್ದೇಕೆಂದರೆ, ಇವೂ ಆಫ್ರಿಕದಿಂದ ಬೇಸಿಗೆಯಲ್ಲಿ ಅಲ್ಲಿಗೆ ಹಾರಿಹೋಗುತ್ತವೆ.

ಇಷ್ಟು ದೂರ ಹಾರುವ ಕುಟುಂಬದಲ್ಲಿ ಒಂದು ಜಾತಿಗೆ ಮರುಭೂಮಿ ಗಡಿಯಾಗುತ್ತದೆ, ಇನ್ನೊಂದಕ್ಕೆ ಆಗುವುದಿಲ್ಲ. ನನ್ನ ಮಟ್ಟಿಗೆ ಪತಂಗದ ನಕ್ಷೆಯನ್ನು ರೆಕ್ಕೆಯ ಬಲದಿಂದ ಓದುವುದು ಸರಿಯಲ್ಲ, ಹುಳದ ಬಾಯಿಯಿಂದ ಓದಬೇಕು. ತಾಯಿ ಪತಂಗ ಎಷ್ಟು ದೂರ ಹಾರಿದರೂ, ಇಳಿದ ಕಡೆ ಮೊಟ್ಟೆಯಿಡಲು ತಕ್ಕ ಎಲೆ ಸಿಗದಿದ್ದರೆ ಅವಳ ಪ್ರಯಾಣ ದಂಡ. ಸ್ಟಿಕ್ಸ್‌ನ ಹುಳ ಎಳ್ಳಿಗೆ ಮಾತ್ರ ಅಂಟಿಕೊಂಡಿಲ್ಲ. ಬದನೆ, ಅವರೆ, ತೇಗ, ಪಾರಿಜಾತ, ಮಲ್ಲಿಗೆ ಎಲ್ಲವೂ ಅದಕ್ಕೆ ಆಗುತ್ತವೆ. ಹಾಗಾಗಿ ಚಿತ್ತಾಪುರದ ಹೊಲದಲ್ಲಿ ಎಳ್ಳು ಕಿತ್ತ ಮೇಲೂ ಹಿತ್ತಲಲ್ಲಿ ಅದಕ್ಕೆ ಊಟವಿದೆ. 2011ರಲ್ಲಿ ವನ್ಯಧಾಮವಾದ ಚಿಂಚೋಳಿಯ 134.88 ಚದರ ಕಿಲೋಮೀಟರ್ ಕಾಡಿನಲ್ಲಿ ತೇಗವಿದೆ. ಒಣ ಬಯಲಿನ ನಡುವೆ ಎದ್ದ ಆ ಕಾಡು ಹುಳಗಳಿಗೆ ದೊಡ್ಡ ಆಸರೆ.

ಎಷ್ಟು ದೂರ ಹಾರುತ್ತವೆ ಎನ್ನುವುದಕ್ಕೆ ಈಗ ಊಹೆ ಬೇಕಿಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನಕ್ಕಾಗಿ ಜರ್ಮನಿಯ ಕಾನ್ಸ್‌ಟಾನ್ಸ್‌ನಲ್ಲಿ ವಿಜ್ಞಾನಿಗಳು 14 ಆಟ್ರೋಪಾಸ್ ಪತಂಗಗಳ ಬೆನ್ನಿಗೆ ಅರ್ಧ ಗ್ರಾಮೂ ತೂಗದ ರೇಡಿಯೊ ಪ್ರೇಷಕ ಅಂಟಿಸಿ ಬಿಟ್ಟರು. ಆಮೇಲೆ ಸಣ್ಣ ವಿಮಾನದಲ್ಲಿ ಕತ್ತಲಲ್ಲಿ ಹಿಂದೆ ಹಾರಿದರು. ನಾಲ್ಕು ಗಂಟೆಯವರೆಗೆ ಬೆನ್ನತ್ತಿದ ಒಂದು ಹಾರಾಟ ಸುಮಾರು 90 ಕಿಲೋಮೀಟರ್ ಆಯಿತು. ಕಲಬುರಗಿಯಿಂದ ಚಿಂಚೋಳಿ ಹೆಚ್ಚುಕಡಿಮೆ ಅಷ್ಟೇ ದೂರ. ದೂರಕ್ಕಿಂತ ವಿಜ್ಞಾನಿಗಳನ್ನು ದಂಗುಬಡಿಸಿದ್ದು ದಾರಿಯ ನೇರ. ಎದುರುಗಾಳಿ ಇದ್ದಾಗ ಪತಂಗ ನೆಲಕ್ಕೆ ತಗ್ಗಿ, ವೇಗ ಹೆಚ್ಚಿಸಿಕೊಂಡು ಹಾರಿತು. ಹಿಂದಿನಿಂದ ಗಾಳಿ ಸಿಕ್ಕಾಗ ಮೇಲೇರಿತು. ಗಾಳಿ ತಳ್ಳಿದ ಕಡೆ ಹೋಗುವ ಧೂಳಿನ ಕಣವಲ್ಲ ಇದು, ತನ್ನ ದಿಕ್ಕು ಹಿಡಿದು ಹೋಗುವ ಪ್ರಾಣಿ.

ಗಿಡುಗ ಪತಂಗ ಎಂದರೆ ಉದ್ದ ಹೀರುಗೊಳವೆ ಎಂದು ಪಾಠಪುಸ್ತಕಗಳು ಹೇಳುತ್ತವೆ. ಹೆಸರಿನ ಹೊಲದ ಆಗ್ರಿಯಸ್‌ನ ಗೊಳವೆ ಹತ್ತು ಸೆಂಟಿಮೀಟರಿಗೂ ಮೀರುವುದುಂಟು. ರಾತ್ರಿ ಅರಳುವ ಆಕಾಶಮಲ್ಲಿಗೆಯ ಉದ್ದ ಕೊಳವೆಯ ಹೂಗಳು ಇಂಥ ನಾಲಿಗೆಗಾಗಿಯೇ ಇವೆ. ಆದರೆ ಬುರುಡೆ ಪತಂಗದ ಗೊಳವೆ ಮೊಂಡು, ಗಟ್ಟಿ, ತುದಿ ಚೂಪು. ಹೂವಿಗೆ ಅದು ಅಷ್ಟಾಗಿ ಹೋಗುವುದಿಲ್ಲ. ಅದರ ಆಸೆ ಜೇನುಗೂಡಿನ ಮೇಲೆ. ರಾತ್ರಿ ಗೂಡಿನೊಳಗೆ ನಡೆದೇ ಹೋಗಿ, ಮೇಣದ ಮುಚ್ಚಳ ಚುಚ್ಚಿ ತುಪ್ಪ ಹೀರುತ್ತದೆ. ಸಾವಿರಾರು ಕಾವಲುಗಾರರಿರುವ ಮನೆಯಲ್ಲಿ ಇಷ್ಟು ದಪ್ಪದ ಕಳ್ಳ ಓಡಾಡುವುದು ಹೇಗೆ? 1991ರಲ್ಲಿ ಆಟ್ರೋಪಾಸ್ ಮೇಲೆ ನಡೆದ ಸಂಶೋಧನೆ ಇದಕ್ಕೆ ಉತ್ತರ ಕೊಟ್ಟಿತು. ಪತಂಗದ ಮೈಮೇಲೆ ನಾಲ್ಕು ಕೊಬ್ಬಿನಾಮ್ಲಗಳಿವೆ. ಅವು ಜೇನ್ನೊಣದ ಮೈಮೇಲೆ ಇರುವ ಅವೇ ನಾಲ್ಕು, ಪ್ರಮಾಣವೂ ಅದೇ. ಕತ್ತಲ ಗೂಡಿನಲ್ಲಿ ನೊಣಗಳು ಪರಕೀಯರನ್ನು ಗುರುತಿಸುವುದು ವಾಸನೆಯಿಂದ. ಪತಂಗದ ವಾಸನೆ ಮನೆಯವರದೇ ಆದ್ದರಿಂದ ಬಹಳ ಸಲ ಪಾರಾಗುತ್ತದೆ. ನಾಲ್ಕೈದು ಕುಟುಕು ತಡೆದುಕೊಳ್ಳುವ ಶಕ್ತಿಯೂ ಅದಕ್ಕಿದೆ. ನಮ್ಮ ಸ್ಟಿಕ್ಸ್ ಏಷ್ಯದ ತುಡುವೆ ಜೇನಿನ ಗೂಡುಗಳಿಗೆ ನುಗ್ಗುತ್ತದೆ.

ಹಿಡಿದರೆ ಅದು ಕಿರುಚುತ್ತದೆ. ಇಲಿಮರಿಯ ಚೀತ್ಕಾರದಂಥ ಸದ್ದು, ಅದೂ ಬಾಯಿಯಿಂದ. ಕೀಟಗಳಲ್ಲಿ ರೆಕ್ಕೆ ಉಜ್ಜಿ, ಕಾಲು ಉಜ್ಜಿ ಸದ್ದು ಮಾಡುವವೇ ಹೆಚ್ಚು. ಇದು ಗಂಟಲ ಕುಳಿಯನ್ನು ಹಾರ್ಮೋನಿಯಮ್ಮಿನ ತಿದಿಯಂತೆ ಹಿಗ್ಗಿಸಿ ಗಾಳಿ ಎಳೆದುಕೊಳ್ಳುತ್ತದೆ, ಕುಗ್ಗಿಸಿ ಹೊರಗೆ ತಳ್ಳುತ್ತದೆ. ಎಳೆದುಕೊಳ್ಳುವಾಗ ಬಾಯೊಳಗಿನ ಒಂದು ಪುಟ್ಟ ಮುಚ್ಚಳ ಅದಿರಿ ಕರಕರ ಎನ್ನುತ್ತದೆ, ಬಿಡುವಾಗ ಕೀಚ್ ಎನ್ನುತ್ತದೆ. ಎರಡೂ ಸೇರಿ ಕಾಲು ಸೆಕೆಂಡೂ ಹಿಡಿಯುವುದಿಲ್ಲ. 2015ರಲ್ಲಿ ಜರ್ಮನಿಯ ತಂಡವೊಂದು ಎಕ್ಸ್-ರೇ, ಅತಿವೇಗದ ಕ್ಯಾಮೆರಾಗಳಿಂದ ಇದನ್ನು ವಿವರವಾಗಿ ತೋರಿಸಿತು. ರಾಣಿ ಜೇನಿನ ಧ್ವನಿಯ ಅನುಕರಣೆ ಇದು ಎಂಬ ಹಳೆಯ ಮಾತು ರಸವತ್ತಾಗಿದೆ, ಸಾಬೀತಾಗಿಲ್ಲ. ಹಿಡಿದ ಬಾವಲಿಯೋ ಹಕ್ಕಿಯೋ ಬೆಚ್ಚಿ ಬಿಡಲಿ ಎಂಬುದೇ ಹೆಚ್ಚು ನಂಬುವಂಥ ಕಾರಣ.

ಬುರುಡೆಗೆ ಸಿನಿಮಾ ಕೂಡ ಮರುಳಾಯಿತು. 1991ರ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಚಿತ್ರದ ಪೋಸ್ಟರಿನಲ್ಲಿ ನಟಿಯ ಬಾಯಿಗೆ ಅಡ್ಡ ಕೂತಿರುವುದು ಈ ಕುಲದ ಪತಂಗವೇ. ಹತ್ತಿರ ಹೋಗಿ ನೋಡಿದರೆ ಅದರ ಬೆನ್ನ ಬುರುಡೆ ಪತಂಗದ್ದಲ್ಲ. ಸಾಲ್ವಡಾರ್ ಡಾಲಿ ಹೆಣ್ಣುಗಳ ದೇಹಗಳನ್ನು ಜೋಡಿಸಿ ತೆಗೆಸಿದ ಬುರುಡೆಯ ಛಾಯಾಚಿತ್ರವನ್ನು ಅಲ್ಲಿ ಅಂಟಿಸಿದ್ದಾರೆ. ನಿಜವಾದ ಪತಂಗದ ಗುರುತು ಪೋಸ್ಟರ್ ಮಾಡಿದವರಿಗೆ ಸಾಲಲಿಲ್ಲ!

ನಮ್ಮ ಕಡೆ ಈ ಪತಂಗಗಳನ್ನು ಸುಲಭವಾಗಿ ನೋಡುವ ಜಾಗ ಬೆಳಕಿನ ಕಂಬಗಳ ಬುಡ. ವಾಡಿಯ ಸಿಮೆಂಟ್ ಕಾರ್ಖಾನೆ, ರೈಲು ಅಂಗಳ, ಸೇಡಂ ಮತ್ತು ಮಳಖೇಡದ ಕಾರ್ಖಾನೆಗಳು, ಶಹಾಬಾದಿನ ಫರ್ಸಿ ಕೊಯ್ಯುವ ಘಟಕಗಳು ರಾತ್ರಿಯೆಲ್ಲ ಬೆಳಗುತ್ತವೆ. ಮಳೆಗಾಲದ ಬೆಳಿಗ್ಗೆ ತಿಳಿಬಣ್ಣದ ಫರ್ಸಿ ಗೋಡೆಯ ಮೇಲೆ ಕಂದು ಪತಂಗ ಕೂತಿದ್ದರೆ ಎದ್ದು ಕಾಣುತ್ತದೆ. ತೊಗಟೆಯ ಮೇಲೆ ಅದನ್ನು ಬಚ್ಚಿಡುವ ಬಣ್ಣವೇ ಇಲ್ಲಿ ಅದಕ್ಕೆ ಮುಳುವು. ಹೊತ್ತೇರುವುದರೊಳಗೆ ಕಾಗೆ ಮುಗಿಸಿರುತ್ತದೆ, ನೆಲದ ಮೇಲೆ ನಾಲ್ಕು ರೆಕ್ಕೆ ಮಾತ್ರ ಉಳಿಯುತ್ತವೆ.

ಪತಂಗ ಬೆಳಕಿಗೆ ಮುತ್ತುವುದೇಕೆ ಎನ್ನುವುದು ಹಳೆಯ ಪ್ರಶ್ನೆ. ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಸಂಗಡಿಗರು 2024ರಲ್ಲಿ ಕೊಟ್ಟ ವಿವರಣೆ ಸರಳ. ಹಾರುವ ಕೀಟಕ್ಕೆ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯಲು ಆಕಾಶದ ಬೆಳಕೇ ಆಧಾರ. ಅದು ಬೆನ್ನನ್ನು ಸದಾ ಬೆಳಕಿನ ಕಡೆ ತಿರುಗಿಸುತ್ತದೆ. ದೀಪ ಪಕ್ಕದಲ್ಲಿ ಉರಿಯುತ್ತಿದ್ದರೆ ಬೆನ್ನು ಅತ್ತ ವಾಲುತ್ತದೆ, ಹಾರಾಟ ಸುತ್ತು ಹಾಕತೊಡಗುತ್ತದೆ. ಬೆಳಕು ಅದನ್ನು ಸೆಳೆಯುವುದಕ್ಕಿಂತ ಹೆಚ್ಚಾಗಿ ಕಟ್ಟಿಹಾಕುತ್ತದೆ. ಅದೇ ಪ್ರಯೋಗದಲ್ಲಿ ಬೇರೆ ನಿಂತವುಗಳಲ್ಲಿ ಒಂದು ನಮ್ಮ ಕಣಗಿಲೆಯ ಡಾಫ್ನಿಸ್ ನೇರಿಯೈ. ದೀಪದ ಮೇಲೇ ಹಾರಿದರೂ ಅದು ಬೆನ್ನು ವಾಲಿಸಲಿಲ್ಲ. ಹಸಿರು, ಗುಲಾಬಿ, ಬಿಳಿ ಬಳಿದ, ಸೈನಿಕರ ಸಮವಸ್ತ್ರದ ಮಚ್ಚೆಗಳಿರುವ ಈ ಸುಂದರಿಯ ಹುಳ ವಿಷದ ಕಣಗಿಲೆ ಎಲೆಯನ್ನೇ ತಿಂದು ಬೆಳೆಯುತ್ತದೆ. ನಂದಿಬಟ್ಟಲು, ಸದಾಪುಷ್ಪಗಳೂ ಅದಕ್ಕೆ ಬೇಕು. ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಕಣಗಿಲೆ ನೆಡುವುದು ದೇಶದ ತುಂಬ ರೂಢಿ. ನೆಟ್ಟವರು ಹೂವಿಗೆಂದು ನೆಟ್ಟರು, ಆಫ್ರಿಕದಿಂದ ಏಷ್ಯದವರೆಗೆ ಹರಡಿದ ಒಂದು ಪತಂಗಕ್ಕೆ ಉದ್ದಕ್ಕೂ ಊಟದ ಸಾಲು ಹಾಕಿದಂತಾಯಿತು.

ಬುರುಡೆ ಪತಂಗ ಮನೆಗೆ ಬಂದರೆ ಕೇಡು ಎಂಬ ಭಯ ಯೂರೋಪಿನಲ್ಲಿ ಬಹಳ ಕಾಲ ಇತ್ತು. ನಮ್ಮಲ್ಲೂ ಅದನ್ನು ಪೊರಕೆಯಿಂದ ಬಡಿಯುವವರಿದ್ದಾರೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಬೆಳೆಗೂ ಅದು ಮಹಾ ಪೀಡೆಯಲ್ಲ. ಎಳ್ಳಿನ ಹೊಲದಲ್ಲಿ ಹುಳಗಳು ಅಲ್ಲೊಂದು ಇಲ್ಲೊಂದು ಸಿಗುವುದೇ ಹೆಚ್ಚು. ಇಷ್ಟು ದೊಡ್ಡ ಹುಳವನ್ನು ಕೈಯಲ್ಲೇ ಆರಿಸಿ ತೆಗೆಯಬಹುದು, ಸುಗ್ಗಿಯ ನಂತರ ಆಳವಾಗಿ ಉತ್ತರೆ ಕೋಶಗಳನ್ನು ಹಕ್ಕಿಗಳು ನೋಡಿಕೊಳ್ಳುತ್ತವೆ. ಕೃಷಿ ವಿಜ್ಞಾನಿಗಳು ಮೊದಲು ಹೇಳುವುದೂ ಇದನ್ನೇ. ನಾಲ್ಕು ಕೊಂಬಿನ ಹುಳಕ್ಕೆ ಹೊಲವೆಲ್ಲ ಔಷಧ ಹೊಡೆದರೆ ಅವುಗಳ ಮೈಯಲ್ಲಿ ಮೊಟ್ಟೆಯಿಟ್ಟು ಕೊಲ್ಲುವ ನೊಣ, ಕಣಜಗಳೂ ಸಾಯುತ್ತವೆ, ಎಳ್ಳಿನ ಹೂವಿಗೆ ಬರುವ ಜೇನೂ ಸಾಯುತ್ತದೆ. ಅದು ಶುದ್ಧ ನಷ್ಟದ ಬಾಬತ್ತು.

ಪ್ರತಿವರ್ಷ ಜುಲೈ ಕೊನೆಯ ವಾರ ಜಗತ್ತಿನಾದ್ಯಂತ ಪತಂಗ ಸಪ್ತಾಹ ನಡೆಯುತ್ತದೆ. ಆ ಹೊತ್ತಿಗೆ ನಮ್ಮ ಕಡೆ ಮುಂಗಾರು ಹಿಡಿದಿರುತ್ತದೆ, ಬೇರೆ ಸಿದ್ಧತೆ ಬೇಕಿಲ್ಲ: ಗೋಡೆಗೆ ಒಂದು ಬಿಳಿ ಬಟ್ಟೆ, ಅದರ ಮುಂದೆ ಒಂದು ದೀಪ, ಕೈಯಲ್ಲಿ ಮೊಬೈಲ್. ಶಹಾಬಾದಿನ ಶಾಲೆಯ ಅಂಗಳವಾಗಲಿ, ಚಿಂಚೋಳಿಯ ಕಾಡಂಚಿನ ತಾಂಡಾ ಆಗಲಿ, ಸಾಕು. ಬಂದ ಪತಂಗದ ಫೋಟೊ ತೆಗೆದು, ಊರು ಮತ್ತು ತಾರೀಖು ಬರೆದು ‘ಐನ್ಯಾಚುರಲಿಸ್ಟ್’ ಅಥವಾ ‘ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್’ಗೆ ಹಾಕಿ. ಹುಳ ಸಿಕ್ಕಿದ್ದರೆ ಅದು ತಿನ್ನುತ್ತಿದ್ದ ಗಿಡದ ಹೆಸರನ್ನೂ ಬರೆಯಿರಿ. ಬೆನ್ನ ಮೇಲೆ ಬುರುಡೆ ಇದ್ದರೆ ಹಿಂದಿನ ರೆಕ್ಕೆ ಕಾಣುವಂತೆ ಒಂದು, ಹೊಟ್ಟೆಯ ಅಡಿಯದು ಒಂದು ಫೋಟೊ ಬೇಕೇಬೇಕು. ಬೆನ್ನಿನದೊಂದನ್ನೇ ಕಳಿಸಿದರೆ ಮೂವರಲ್ಲಿ ಯಾರು ಎಂದು ಹೇಳುವುದು ಗುರುತಿಸುವವರಿಗೆ ಕಷ್ಟ.